ಮುಳ್ಳುಹಂದಿ ಸೋತ ದಿನ

"ಒಪ್ಪಿದೆ. ಗೆಲುವು ನಿಮ್ಮದು."

ಎಂಟು ತಿಂಗಳ ವಾದದಲ್ಲಿ ಮುಳ್ಳುಹಂದಿ ಸೋಲೊಪ್ಪಿಕೊಂಡದ್ದು ಅದೇ ಮೊದಲು. ಗುಬ್ಬಿ ಫೋನನ್ನು ಎದೆಗೊತ್ತಿಕೊಂಡು ಅಡುಗೆಮನೆಯಲ್ಲೇ ಗಿರ್ರನೆ ಒಂದು ಸುತ್ತು ತಿರುಗಿದಳು.

ತರಕಾರಿ ಹೆಚ್ಚುತ್ತಿದ್ದ ಚಿಕ್ಕಮ್ಮ ಚಾಕು ನಿಲ್ಲಿಸಿದರು. "ಏನೇ, ಲಾಟರಿ ಹೊಡೀತಾ?"

"ಅದಕ್ಕಿಂತ ದೊಡ್ಡದು ಚಿಕ್ಕಮ್ಮ. ಆ ಮೊಂಡ ಸೋತ!"

"ಅಯ್ಯೋ ಪಾಪ. ಇನ್ನು ನಾಳೆಯಿಂದ ಯಾರ ಜೊತೆ ಜಗಳ ಆಡ್ತೀಯ?"

ಗುಬ್ಬಿಯ ಕಾಲು ನಿಂತಿತು. ಆ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

ಗುಬ್ಬಿ, ಮುಳ್ಳುಹಂದಿ ಎಂಬುವು ಆನ್‌ಲೈನ್ ಚರ್ಚಾ ಗುಂಪೊಂದರಲ್ಲಿ ಅವರಿಬ್ಬರೂ ಇಟ್ಟುಕೊಂಡಿದ್ದ ಹೆಸರುಗಳು. ವಿಜ್ಞಾನ, ರಾಜಕೀಯ, ಊರಿನ ಕಷ್ಟಸುಖ, ಹೀಗೆ ಸಿಕ್ಕಿದ್ದನ್ನೆಲ್ಲ ಜಾಲಾಡುವ, ಅದೇ ಊರಿನ ನಾನೂರು ಚಿಲ್ಲರೆ ಜನರ ಗುಂಪು ಅದು. ಅವನ ಮುಖ ಅವಳು ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೂ ಅವನ ಸಿಟ್ಟು ಅವಳಿಗೆ ಗೊತ್ತಿತ್ತು. ಕೋಪ ಬಂದಷ್ಟೂ ಅವನ ಮಾತು ಮೆದುವಾಗುತ್ತಿತ್ತು. "ಗುಬ್ಬಿ ಮೇಡಂ, ತಾವು ದಯವಿಟ್ಟು..." ಎಂದು ಶುರುವಾದರೆ ಮುಂದೆ ಗ್ರಹಚಾರ ಕಾದಿದೆ ಎಂದೇ ಅರ್ಥ. ಆಗ ಇವಳ ತುಟಿ ತಾನಾಗಿ ನಗುತ್ತಿತ್ತು.

ಹಗಲೆಲ್ಲ ಅವಳು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಗಾಜಿನ ಬಾಟಲಿಗಳ ನಡುವೆ ಇರುತ್ತಿದ್ದಳು. ಅಲ್ಲಿಯೂ ಮನೆಯಲ್ಲಿಯೂ ಅವಳು ಬಾಯಿ ತೆರೆದರೆ "ಹೌದಮ್ಮ, ಸರಿಯಮ್ಮ" ಎಂದು ತಮ್ಮ ಪಾಡಿಗೆ ಹೋಗುವವರೇ ಎಲ್ಲ. ಅವನೊಬ್ಬ ಮಾತ್ರ ಅವಳ ಪ್ರತಿ ಸಾಲನ್ನೂ ಓದಿ, ಅದರಲ್ಲಿ ಅರ್ಧಕ್ಕೆ "ಇಲ್ಲ" ಎನ್ನುತ್ತಿದ್ದ, ಕಾರಣ ಸಮೇತ.

ಈ ಸಲದ ಜಗಳ ಕುಡಿಯುವ ನೀರಿನ ಹಳೆಯ ಪೈಪುಗಳದ್ದು. ಊರಿನ ಪೈಪನ್ನೆಲ್ಲ ಕೂಡಲೇ ಕಿತ್ತುಹಾಕಬೇಕು ಎಂದು ಇವಳು. ಮೊದಲು ಬೀದಿ ಬೀದಿಯ ನೀರು ನೋಡಿ, ಆಮೇಲೆ ಕೈ ಹಾಕಿ ಎಂದು ಅವನು. ಕೊನೆಗೆ ಗುಬ್ಬಿ ಒಂದು ಹಳೆಯ ವರದಿ ಹುಡುಕಿ, ಹದಿನೇಳು ಬೀದಿಗಳ ನೀರಿನಲ್ಲಿ ಸೀಸದ ವಿಷ ಎಷ್ಟಿದೆ ಎಂಬ ಪಟ್ಟಿ ಹಾಕಿದಳು. ನೋಡಿದವರ ಎದೆ ಝಲ್ಲೆನ್ನುವಂಥ ಅಂಕಿಗಳು. ಗುಂಪಿಗೆ ಗುಂಪೇ ಅವಳ ಕಡೆ ವಾಲಿತು. ಅವನೂ ಸೋತೆ ಎಂದ.

ಹತ್ತು ನಿಮಿಷ ಬಿಟ್ಟು ಅವಳೊಬ್ಬಳಿಗೇ ಇನ್ನೊಂದು ಸಂದೇಶ ಬಂತು. "ಸೋತವನು ಕಾಫಿ ಕೊಡಿಸಬಹುದೇ? ಶನಿವಾರ ಹನ್ನೊಂದಕ್ಕೆ, ಲೈಬ್ರರಿ ಕ್ಯಾಂಟೀನಿನಲ್ಲಿ?"

ಒಪ್ಪಲು ಗುಬ್ಬಿ ಒಂದಿಡೀ ದಿನ ತೆಗೆದುಕೊಂಡಳು. ಒಪ್ಪುವುದೆಂದು ಮಾತ್ರ ಮೊದಲ ನಿಮಿಷದಲ್ಲೇ ತೀರ್ಮಾನವಾಗಿತ್ತು.

ಶುಕ್ರವಾರ ಊಟದ ಹೊತ್ತಿನಲ್ಲಿ ತನ್ನ ಪಟ್ಟಿಯನ್ನು ಲ್ಯಾಬಿನ ದೊಡ್ಡಕ್ಕನಿಗೆ ತೋರಿಸಿದಳು. ದೊಡ್ಡಕ್ಕ ಅಲ್ಲಿನ ಹಿರಿಯ ಕೆಲಸಗಾರ್ತಿ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ವರದಿಯ ಮೂಲಪುಟ ತೆಗೆಸಿ ನೋಡಿದರು.

"ಏ ಹುಡುಗಿ, ಇದು ಮೈಕ್ರೋಗ್ರಾಂ. ನೀನು ಮಿಲಿಗ್ರಾಂ ಅಂತ ಹಾಕಿದ್ದೀಯ. ಸಾವಿರ ಪಟ್ಟು ಹೆಚ್ಚಾಯ್ತಲ್ಲೇ!"

ಗುಬ್ಬಿಯ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ನಾಳೆ ಅವನೆದುರು ಯಾವ ಮುಖ ಹೊತ್ತು ಕೂರುವುದು? ಅವನು ಓದುತ್ತಿದ್ದದ್ದು ಗುಬ್ಬಿಯ ಬುದ್ಧಿಯನ್ನು. ಅದೇ ಹುಸಿಯಾದರೆ ಅವನಿಗೆ ಇವಳಲ್ಲಿ ಉಳಿಯುವುದಾದರೂ ಏನು? ಆದರೆ ತನ್ನ ಪಟ್ಟಿ ನೋಡಿ ಮನೆಮನೆಯಲ್ಲಿ ಜನ ನಲ್ಲಿ ತಿರುಗಿಸಲೂ ಹೆದರುತ್ತಿದ್ದಾರೆ. ಅವಳು ಎಡಗೈಯಲ್ಲೇ ಗುಂಪಿಗೆ ಬರೆದಳು: "ತಪ್ಪು ನನ್ನದು. ಅಂಕಿ ಸಾವಿರ ಪಟ್ಟು ಹೆಚ್ಚಾಗಿದೆ. ಹದಿನೇಳು ಬೀದಿಗಳ ಸರಾಸರಿ ತೆಗೆದರೆ ಸುರಕ್ಷಿತ ಮಿತಿಯೊಳಗೇ ಇದೆ. ಹೆದರಬೇಡಿ." ಕಳಿಸಿ ಕಣ್ಣು ಮುಚ್ಚಿಕೊಂಡಳು.

ಗುಂಪಿನಲ್ಲಿ ನಗೆಪಾಟಲೋ ನಗೆಪಾಟಲು. ಮುಳ್ಳುಹಂದಿಯದು ಮಾತ್ರ ಒಂದಕ್ಷರವೂ ಇಲ್ಲ.

ಆದರೂ ಶನಿವಾರ ಅವಳು ಹೋದಳು. ಕಿಟಕಿ ಪಕ್ಕದ ಮೇಜಿನಲ್ಲಿ ನೀಲಿ ಸ್ವೆಟರಿನವನೊಬ್ಬ ಅಂಗಿಯ ತುದಿಯಿಂದ ಕನ್ನಡಕ ಒರೆಸುತ್ತಿದ್ದ. ಅವಳನ್ನು ಕಂಡು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಗುಬ್ಬಿ ಮೇಡಂ?"

"ಮುಳ್ಳು ಎಲ್ಲಿ?"

"ಮನೇಲಿ ತೆಗೆದಿಟ್ಟು ಬಂದೆ." ಕುರ್ಚಿ ಎತ್ತುತ್ತ ಅವಳನ್ನೊಮ್ಮೆ ನೋಡಿದ, ಥಟ್ಟನೆ ನೋಟವನ್ನು ಮೇಜಿಗಿಳಿಸಿದ, ಮತ್ತೆ ತಡೆಯಲಾರದೆ ಎತ್ತಿದ. "ಗುಬ್ಬಿ ಅಂದ್ರೆ ಸಣ್ಣಗಿರ್ತೀರ ಅಂದ್ಕೊಂಡಿದ್ದೆ."

"ದಪ್ಪ ಅಂತೀರಾ?"

"ಎತ್ತರ ಅಂದೆ! ಎತ್ತರ!"

ಅವನ ಕಿವಿ ಕೆಂಪಾದದ್ದು ಕಂಡು ಅವಳು ನಕ್ಕು ಎದುರು ಕೂತಳು. ಕಾಫಿ ಬಂತು. ಲೋಟದ ಹಬೆಗೆ ಅವನ ಕನ್ನಡಕ ಮಂಜಾಯಿತು. ಆ ಮಂಜಿನ ಹಿಂದಿನ ಕಣ್ಣುಗಳನ್ನು ಅವಳು ನಾಚಿಕೆಯಿಲ್ಲದೆ ನೋಡಿದಳು. ಅವನಿಗೆ ಕಾಣುತ್ತಿರಲಿಲ್ಲವಲ್ಲ!

"ಶನಿವಾರ ನಿಮಗೆ ರಜವಾ?" ಎಂದಳು.

"ಇಲ್ಲ. ಅಂಗಡೀಲಿ ತಂಗಿ ಕೂತಿದ್ದಾಳೆ. ಔಷಧಿ ಅಂಗಡಿ. ಬೆಳಗಿಂದ ಸಂಜೆವರೆಗೆ ಡಾಕ್ಟರ ಚೀಟಿ ಓದೋದೇ ಕೆಲಸ. ಮಿಲಿಗ್ರಾಂ, ಮೈಕ್ರೋಗ್ರಾಂ..."

ಅವನು ನಾಲಿಗೆ ಕಚ್ಚಿಕೊಂಡ.

ಗುಬ್ಬಿ ಲೋಟ ಕೆಳಗಿಟ್ಟಳು. "ಹಾಗಾದ್ರೆ ನನ್ನ ಪಟ್ಟಿ ನೋಡಿದ ದಿನಾನೇ ತಪ್ಪು ಗೊತ್ತಾಗಿತ್ತು."

"ಮೊದಲ ಸಲ ಓದಿದಾಗಲೇ," ಎಂದ ಮೆಲ್ಲಗೆ. "ಉತ್ತರ ಬರೆದೆ, ಅಳಿಸಿದೆ. ನಿಮ್ಮನ್ನ ಕಾಫಿಗೆ ಕರೀಬೇಕು ಅಂತ ಒಂದು ತಿಂಗಳಿಂದ ಧೈರ್ಯ ಕೂಡಿಸ್ತಿದ್ದೆ. ಎಲ್ಲರ ಎದುರು ತಪ್ಪು ಎತ್ತಿ ತೋರಿಸಿದ್ರೆ ನೀವು ಬರ್ತಿದ್ರಾ?"

"ಊರಿಗೆ ಊರೇ ನೀರಿಗೆ ಹೆದರಿತ್ತು!"

"ಹೌದು. ಅದಕ್ಕೆ ನನ್ನ ಹತ್ರ ಸಮಜಾಯಿಷಿ ಇಲ್ಲ. ನಾನು ನಿಮಗಿಂತ ದೊಡ್ಡ ತಪ್ಪು ಮಾಡಿದೆ."

"ಎಲ್ಲರೂ ನನಗೆ ತಲೆಯಾಡಿಸಿ ಹೋಗ್ತಾರೆ ರೀ," ಎಂದಳು ಅವಳು. "ನೀವೊಬ್ಬರು ಹಾಗಲ್ಲ ಅಂತ ದಿನಾ ಸಂಜೆ ಕಾಯ್ತಿದ್ದೆ. ಕೊನೆಗೆ ನೀವೂ ಮಗೂಗೆ ಮಿಠಾಯಿ ಕೊಟ್ಟ ಹಾಗೆ ಗೆಲುವು ಕೊಟ್ಟುಬಿಟ್ರಿ."

ಚೀಲ ಹೆಗಲಿಗೇರಿಸಿ ಎದ್ದಳು. ಎರಡು ಹೆಜ್ಜೆ ಇಟ್ಟಿರಬೇಕು.

"ಗುಬ್ಬಿ ಮೇಡಂ, ತಾವು ದಯವಿಟ್ಟು ನಿಲ್ಲಿ. ನಿನ್ನೆ ಹಾಕಿದ ತಿದ್ದುಪಡೀಲೂ ತಪ್ಪಿದೆ."

ಅವಳು ಗಕ್ಕನೆ ತಿರುಗಿದಳು. ಅವನ ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಅಲುಗಲಿಲ್ಲ.

"ಎಲ್ಲಿ?"

"ನೀವು ಸರಾಸರಿ ತೆಗೆದ್ರಿ. ಹನ್ನೊಂದನೇ ಬೀದಿ ಮಿತಿ ದಾಟಿದೆ. ಉಳಿದ ಹದಿನಾರರ ಮರೆಯಲ್ಲಿ ಅದು ಕಾಣೋದೇ ಇಲ್ಲ. ಅಲ್ಲಿಯವರಿಗೆ ನೀವು 'ಹೆದರಬೇಡಿ' ಅಂದಿದ್ದೀರಿ."

ಚೀಲ ಕುರ್ಚಿಗೆ ಬಿತ್ತು. ಇಬ್ಬರ ತಲೆಗಳೂ ಒಂದೇ ಫೋನಿನ ಮೇಲೆ ಬಾಗಿದವು. ಅವನ ಉಸಿರು ಅವಳ ಮುಂಗುರುಳನ್ನು ಅಲುಗಿಸುತ್ತಿತ್ತು. ಅವಳ ಬೆರಳು ಹನ್ನೊಂದನೇ ಸಾಲಿನ ಮೇಲೆ ನಿಂತಿತು. ಹೌದು, ಅವನು ಹೇಳಿದ್ದೇ ಸರಿ. ಅಲ್ಲೇ ಕೂತು ಎರಡನೇ ತಿದ್ದುಪಡಿ ಬರೆದಳು. ಅದರ ಕೆಳಗೆ ಅವನು, "ಮೊದಲ ತಪ್ಪು ನೋಡಿಯೂ ನಾನು ಸುಮ್ಮನಿದ್ದೆ. ಕ್ಷಮಿಸಿ" ಎಂದು ಬರೆದ.

"ಅಂದ್ರೆ ಆ ಬೀದಿಯ ಪೈಪು ಕೂಡಲೇ ಕೀಳಬೇಕು. ಅಲ್ಲಿ ನಾನು ಗೆದ್ದೆ."

"ಹದಿನಾರು ಬೀದೀಲಿ ನಾನು ಗೆದ್ದೆ."

"ಇನ್ನೊಂದು ಸಲ ಬಿಟ್ಟುಕೊಟ್ರೆ ಮುಖ ನೋಡಲ್ಲ. ನನ್ನ ಮೇಲೆ ಪ್ರೀತಿ ಇದ್ರೆ ವಾದ ಮಾಡಿ."

"'ಇದ್ರೆ' ಅಂತ ಅನುಮಾನ ಯಾಕೆ? ಅದೂ ತಪ್ಪೇ."

ಅವಳು ಲೋಟ ಎತ್ತಿ ನಗುವನ್ನು ಅದರ ಹಿಂದೆ ಅಡಗಿಸಿದಳು. ಲೋಟ ಇಡುತ್ತಲೇ, ಪೈಪು ಕೀಳುವ ಕೆಲಸ ಯಾರು ಶುರುಮಾಡಬೇಕು ಎಂದು ಹೊಸ ಜಗಳ ತೆಗೆದಳು. ಅವನು ಮುಳ್ಳು ನಿಮಿರಿಸಿದ. ದನಿಗಳು ಏರಿದವು. ಪಕ್ಕದ ಮೇಜಿನ ಮುದುಕರು ಪತ್ರಿಕೆ ಮಡಚಿಟ್ಟು ಕೇಳತೊಡಗಿದರು.

ಕೌಂಟರಿನ ಹೆಂಗಸು ಸೌಟಿನಿಂದ ಮೇಜು ಬಡಿದಳು. "ರೀ, ಇದು ಲೈಬ್ರರಿ! ಗಂಡ ಹೆಂಡ್ತಿ ಜಗಳ ಏನಿದ್ರೂ ಮನೇಲಿಟ್ಕೊಳ್ಳಿ!"

ಇಬ್ಬರೂ ಬಾಯಿ ತೆರೆದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ, ಆ ತಪ್ಪನ್ನು ಮಾತ್ರ ತಿದ್ದದೆ, ದನಿ ತಗ್ಗಿಸಿ ವಾದ ಮುಂದುವರಿಸಿದರು.