ಜಂಬಣ್ಣನ ಮುಯ್ಯಿ ಪುಸ್ತಕ

"ಹಂಪಸಾಗರದವರಿಗೆ ಮಾತು ಕೊಟ್ಟು ಬಂದೀನಿ. ಶ್ರಾವಣದಾಗ ಅಮೃತಾನ ಮದುವಿ."

ಇಷ್ಟು ಹೇಳಿ ಜಂಬಣ್ಣ ಗೂಡಿನಲ್ಲಿದ್ದ ಮುಯ್ಯಿ ಪುಸ್ತಕವನ್ನು ಇಳಿಸಿ ಧೂಳು ಕೊಡವಿದ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನಾಗಲಿಂಗಮ್ಮನ ಕೈ ಅಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ಆಕೆ ತಿರುವಿ ಹಾಕಲಿಲ್ಲ. ಪಿಯುಸಿ ಪಾಸಾದ ಮಗಳಿಗೆ ಬಳ್ಳಾರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿ ಇನ್ನೂ ನಾಲ್ಕು ದಿನವಾಗಿಲ್ಲ. ಸೋಮವಾರದೊಳಗೆ ಹದಿನಾಲ್ಕು ಸಾವಿರ ಕಟ್ಟಬೇಕಿತ್ತು. ಬೆಳಿಗ್ಗೆ ಮಗಳು ಕಾಲೇಜಿನ ಕಾಗದ ಓದಿ ಹೇಳಿದಾಗ "ನೋಡೋಣು" ಎಂದು ಅಂಗಿ ತೊಟ್ಟು ಹೋದವನು, ಹೀಗೆ ನೋಡಿಕೊಂಡು ಬಂದಿದ್ದ!

ಜಂಬಣ್ಣನಿಗೆ ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ಇತ್ತು. ದುಡಿಮೆಗೆ ಕಡಿಮೆಯಿರಲಿಲ್ಲ. ಆದರೆ ಹೊಸಹಳ್ಳಿಯಿಂದ ಹರಪನಹಳ್ಳಿಯವರೆಗೆ ಯಾರ ಮನೆಯ ಮದುವೆಯಾದರೂ ಅವನು ಹಾಜರು. ಐವತ್ತೊಂದೋ ನೂರೊಂದೋ ಮುಯ್ಯಿ ಓದಿಸಬೇಕು, ಮೈಕಿನಲ್ಲಿ ತನ್ನ ಹೆಸರು ಕೇಳಬೇಕು, ಮನೆಗೆ ಬಂದು ಪುಸ್ತಕದಲ್ಲಿ ಬರೆದಿಡಬೇಕು. ನಾಲ್ಕು ಕಾಸು ಎತ್ತಿಡಿ ಎಂದು ಹೆಂಡತಿ ಹೇಳಿದಾಗಲೆಲ್ಲ ಆ ಪುಸ್ತಕವನ್ನೇ ತಟ್ಟಿ ತೋರಿಸುತ್ತಿದ್ದ. ಹಾಕಿದ ಮುಯ್ಯಿ ತಿರುಗಿ ಬರುತ್ತದೆ, ಸುಳ್ಳಲ್ಲ. ಆದರೆ ಮನೆಯಲ್ಲಿ ಮದುವೆಯಾದರೆ ಮಾತ್ರ ಬರುತ್ತದೆ. ಕಾಲು ಮುರಿದರೆ ಬರುವುದಿಲ್ಲ, ಮಗಳು ಓದುತ್ತೇನೆಂದರೂ ಬರುವುದಿಲ್ಲ. ಇಪ್ಪತ್ತು ವರ್ಷ ದುಡಿದವನ ಪೆಟ್ಟಿಗೆಯಲ್ಲಿ ಅಂದು ಹದಿನಾಲ್ಕು ಸಾವಿರವಲ್ಲ, ಹದಿನಾಲ್ಕು ನೂರೂ ಇರಲಿಲ್ಲ.

"ಹುಡುಗಿ ಓದ್ಲಿಕ್ಕೆ ಹೋದ್ರ ಮೂರು ವರ್ಷ ಹಾಳು," ಎಂದಳು ಜಂಬಣ್ಣನ ತಾಯಿ ತಿಪ್ಪೇರುದ್ರಮ್ಮ, ಅಡಕೆ ಕತ್ತರಿಸುತ್ತ. "ಹಾಕಿದ ಮುಯ್ಯಿ ನಾನು ಇರೋದ್ರೊಳಗ ಮನಿಗೆ ಬರಬೇಕು. ಅಷ್ಟಕ್ಕೂ ನಮ್ಮ ಮನಿ ಹೆಣಮಕ್ಕಳು ಯಾರು ಸೂಜಿ ಚುಚ್ಚಾಕ ಹೋಗ್ಯಾರ?"

ನಾಗಲಿಂಗಮ್ಮ ಎದ್ದು ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು. ಹತ್ತೊಂಬತ್ತು ವರ್ಷ ಅತ್ತೆಯೆದುರು ಸೆರಗು ಜಾರಿಸದೆ ಬಾಳಿದ ಹೆಂಗಸು, ಆ ಹೊತ್ತು ಉರಿಯುತ್ತಿದ್ದಳು.

"ಎಷ್ಟು ಬರ್ತೈತ್ರಿ ಮುಯ್ಯಿ? ಕೂಡಿಸಿ ಹೇಳ್ರಿ."

"ಅರವತ್ತು ಸಾವಿರಕ್ಕ ಮೋಸ ಇಲ್ಲ."

"ಮದುವಿಗೆಷ್ಟು ಬೇಕು?"

ಜಂಬಣ್ಣ ಪುಟ ತಿರುವಿದ. "ಒಂದು... ಲಕ್ಷ ಆಗಬಹುದು."

"ಅರವತ್ತು ಬರಸಾಕ ಲಕ್ಷ ಸುಡ್ತೀರಿ. ಜೊತಿಗೆ ನನ್ನ ಮಗಳನ್ನೂ ಸುಡ್ತೀರಿ. ಗುಡೇಕೋಟ್ಯಾಗ ನನ್ನಪ್ಪ ಹಿಂಗ ಪುಸ್ತಕ ಇಟ್ಟಿದ್ದ. ಒಂಬತ್ತನೇತ್ತೆ ಓದೋ ಹುಡುಗೀನ ಹಸಿಮಣಿ ಮ್ಯಾಲ ಕೂಡಿಸಿದ. ಮೈಕಿನ್ಯಾಗ ಬಿಂದಿಗಿ, ಹತ್ತು ರೂಪಾಯಿ, ತಟ್ಟಿ ಅಂತ ಓದ್ತಿದ್ರು... ನಾನು ಕೆಳಗ ಮಾರಿ ಮಾಡಿ ಅಳ್ತಿದ್ದೆ. ಬಂದ ರೊಕ್ಕ ಎಲ್ಲಾ ಶಾಮಿಯಾನದವರಿಗೆ, ಕಿರಾಣಿಯವರಿಗೆ ಹೋತು. ಅಪ್ಪಗೂ ಉಳೀಲಿಲ್ಲ, ನನಗೂ ಉಳೀಲಿಲ್ಲ. ಅಮೃತಾನ ಆ ಮಣಿ ಮ್ಯಾಲ ಕೂಡಸಾಕ ಬಿಡೂದಿಲ್ಲ."

"ಮತ್ತ ಫೀಜು ಯಾರು ಕಟ್ತಾರ? ನಿಮ್ಮಪ್ಪ ಕಟ್ತಾನೇನು?" ಜಂಬಣ್ಣನೂ ಗುಡುಗಿದ.

ಆಕೆ ಅಕ್ಕಿ ಡಬ್ಬಿಯ ತಳದಿಂದ ಒಂದು ಪಾಸ್‌ಬುಕ್ ತಂದು ಮುಯ್ಯಿ ಪುಸ್ತಕದ ಮೇಲೆಯೇ ಇಟ್ಟಳು. ಅಂಚೆ ಕಚೇರಿಯ ಆರ್.ಡಿ. ತಿಂಗಳಿಗೆ ಇನ್ನೂರರಂತೆ ಐದು ವರ್ಷ. ಖಾನಾವಳಿಗೆ ರೊಟ್ಟಿ ಬಡಿದ ದುಡ್ಡು. ಪ್ರತಿ ಐದನೇ ತಾರೀಕು ಅಂಚೆ ಉಳಿತಾಯದ ಏಜೆಂಟ್ ಹಾಜಿರಾ ಬೀ ಹಿತ್ತಲ ಬಾಗಿಲಿಗೆ ಬಂದು ಒಯ್ದು ಕಟ್ಟಿದ್ದಳು. ಅಮೃತಾ ಏಳನೇತ್ತೆ ಮುಗಿಸಿದ ವರ್ಷ ನಾಗಲಿಂಗಮ್ಮ, ಹಾಜಿರಾ ಬೀ ಇಬ್ಬರೂ ಬೆರಳು ಮಡಚಿ ಎಣಿಸಿದ್ದರು: ಹತ್ತನೇತ್ತೆಗೆ ಮೂರು ವರ್ಷ, ಪಿಯುಸಿಗೆ ಎರಡು. ಆರ್.ಡಿ. ಇದೇ ತಿಂಗಳು ಮುಗಿದಿತ್ತು, ಬಡ್ಡಿ ಸೇರಿ ಹದಿನೈದು ಸಾವಿರದ ಮೇಲಾಗಿತ್ತು.

ಜಂಬಣ್ಣ ಪಾಸ್‌ಬುಕ್ಕಿನ ಅಂಕಿಗಳನ್ನು ಎರಡು ಸಲ ನೋಡಿದ. "ಐದು ವರ್ಷ... ಗಂಡಗ ಒಂದು ಮಾತು ಹೇಳಬಾರದೇನು?"

"ಹೇಳಿದ್ರ ಯಾರದರ ಮದುವ್ಯಾಗ ಬಿಂದಿಗಿ ಆಗಿರ್ತಿತ್ತು."

ಬಾಗಿಲ ಹಿಂದೆ ನಿಂತಿದ್ದ ಅಮೃತಾ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು. ತಿಪ್ಪೇರುದ್ರಮ್ಮ "ಕಳ್ಳಿ" ಎಂದಳು. ನಾಗಲಿಂಗಮ್ಮ ಅತ್ತೆಯನ್ನು ನೇರವಾಗಿ ನೋಡಿದಳು. "ಹೌದ್ರಿ ಅತ್ತಿ. ನನ್ನ ರೊಟ್ಟಿ ದುಡ್ಡು ನಾನೇ ಕದ್ದೀನಿ. ಮಗಳ ಸಲುವಾಗಿ."

ಮರುದಿನ ಜಂಬಣ್ಣ ಹಂಪಸಾಗರದ ಬಸ್ಸು ಹತ್ತಿದ. ಅವರು ಕೊಟ್ಟಿದ್ದ ಎಲೆ ಅಡಿಕೆ ತಿರುಗಿಸಿ, ಬೈಸಿಕೊಂಡು ಸಂಜೆಗೆ ಬಂದ. ಸೋಮವಾರ ಮಗಳನ್ನು ಬಳ್ಳಾರಿಗೆ ಅವನೇ ಕರೆದೊಯ್ದು ಫೀಜು ಕಟ್ಟಿದ. ಆದರೂ ಗಂಡಹೆಂಡಿರ ನಡುವೆ ಮಾತಿಲ್ಲ.

ಶ್ರಾವಣ ಬಂತು. ಹಡಗಲಿಯಿಂದ ಲಗ್ನಪತ್ರಿಕೆ ಬಂದದ್ದೇ ತಿಪ್ಪೇರುದ್ರಮ್ಮ ನೆನಪಿಸಿದಳು, "ಮುಯ್ಯಿ ಎಷ್ಟು ಓದಸ್ತೀಯಪ್ಪ?"

"ಅಕ್ಕಿಕಾಳು ಹಾಕಿ, ಉಂಡು ಬರ್ತೀನಿ," ಎಂದ ಜಂಬಣ್ಣ.

ಆಮೇಲೆ ಒಲೆಯ ಬಳಿ ಬಂದು ನಿಂತ. ಜೇಬಿನಿಂದ ನೂರೊಂದು ರೂಪಾಯಿ ತೆಗೆದು, ಹೆಂಡತಿಯ ಮುಖ ನೋಡದೆ ಚಾಚಿದ. "ಹಾಜಿರಾ ಬೀ ಯಾವಾಗ ಬರ್ತಾಳ?"

ನಾಗಲಿಂಗಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಒಂದು ರೂಪಾಯಿಯನ್ನು ಅವನ ಕೈಯಲ್ಲೇ ಉಳಿಸಿ ನೂರರ ನೋಟನ್ನಷ್ಟೇ ತೆಗೆದುಕೊಂಡಳು.

"ಐದನೇ ತಾರೀಕಿಗೆ," ಎಂದಳು. "ಈ ಸಲ ಮುಂಬಾಗಲಿಗೇ ಬರಾಕ ಹೇಳ್ತೀನಿ."