ಆರು ಸಿಲಿಂಡರಿನ ಇಂಪಾಲಾ

ಒಡಹುಟ್ಟಿದ ತಮ್ಮ ಮುತ್ತುವನ್ನು ಕೊಂದ ಗಾಡಿ ಎರಡು ವರ್ಷದ ಮೇಲೆ ರಾಜಾರಾಮನ ಗ್ಯಾರೇಜಿಗೇ ಬಂತು. ಅದೂ ಯಾತಕ್ಕೆ? ಸ್ಪೀಡು ಸಾಲದಂತೆ!

"ಅಜ್ಜನ ಕಾಲದ ಇಂಜಿನ್ ತೇಕಾಕತ್ತೇತಿ," ಅಂದ ಸಿದ್ದಲಿಂಗೇಶ, ಹೊನವಾಡದ ದ್ರಾಕ್ಷಿ ತೋಟದ ಧಣಿ. "ಪುಣೆದಾಗ ಅಪಘಾತ ಆದ ಹೊಸಾ ಗಾಡೀದು ಆರು ಸಿಲಿಂಡರಿನ ಇಂಜಿನ್ ತಂದೇನಿ. ಇದರಾಗ ಕೂಡ್ರಿಸಿಕೊಡು. ನಿನ್ನ ಬಿಟ್ರ ಈ ಜಿಲ್ಲಾದಾಗ ಯಾರಿಗೂ ಆಗೂದಿಲ್ಲ."

ಸೊಲ್ಲಾಪುರ ರಸ್ತೆಯ ಬಿಸಿಲಲ್ಲಿ ಅರವತ್ತೆರಡನೇ ಇಸವಿಯ ಆ ಇಂಪಾಲಾ ಕಾರು ಮದುವೆ ಮನೆಯ ಬೀಗರ ಹಾಗೆ ಠೀವಿಯಿಂದ ನಿಂತಿತ್ತು. ಮುಂದಿನ ಬಂಪರಿನ ಎಡಮೂಲೆ ಮಾತ್ರ ಹೊಸದು. ಯಾಕೆ ಹೊಸದು ಅನ್ನೋದು ರಾಜಾರಾಮನಿಗೆ ಗೊತ್ತು. ಟಿಕೋಟಾ ರಸ್ತೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಮುತ್ತುಗೆ ಗುದ್ದಿದಾಗ ಸ್ಟೇರಿಂಗ್ ಹಿಡಿದಿದ್ದವನು ಸಿದ್ದಲಿಂಗೇಶ. ನಾನೇ ಗುದ್ದಿದೆ ಎಂದು ಒಪ್ಪಿಕೊಂಡವನು ಅವನ ಡ್ರೈವರ್. ಹೊನವಾಡ ಬಸ್ಸಿನ ಜನ ಕಣ್ಣಾರೆ ಕಂಡಿದ್ದರು. ಕೋರ್ಟಿನಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ.

"ಆದದ್ದು ಆಗಿಹೋತು, ಮನಸ್ಸಿನ್ಯಾಗ ಇಟ್ಕೋಬ್ಯಾಡ," ಅಂತ ಸಿದ್ದಲಿಂಗೇಶ ಹೆಗಲು ಬೇರೆ ತಟ್ಟಿದ. ತಟ್ಟಿದ ಜಾಗ ಸಂಜೆತನಕ ಉರಿಯುತ್ತಿತ್ತು.

"ಮಾಡೂಣ್ರಿ," ಅಂದ ರಾಜಾರಾಮ.

ಅವನ ಕೆಲಸಕ್ಕೆ ಹೆಸರಿತ್ತು. ಗುರು ಮುರ್ತುಜಾಸಾಬರು ಕಪಾಳಕ್ಕೆ ಬಾರಿಸಿ ಕಲಿಸಿದ ಕೆಲಸ ಅದು. ಯಾವ ನಟ್ಟು ಬಿಗಿದರೂ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ನೇಲ್‌ಪಾಲಿಶಿನ ಒಂದು ಗೆರೆ ಎಳೆಯಬೇಕು. ನಟ್ಟು ಮುಂದೆ ಸಡಿಲಾಗಿ ಸರಿದರೆ ಗೆರೆ ಮುರಿದು ಎರಡಾಗುತ್ತದೆ, ಕುರುಡನಿಗೂ ಕಂಡೀತು. "ನನ್ನ ಉಗುರಿಗಿಂತ ನಿಮ್ಮ ನಟ್ಟಿಗೇ ಸಿಂಗಾರ ಜಾಸ್ತಿ ಆತು ನೋಡ್ರಿ," ಅಂತ ಹೆಂಡತಿ ಸೌಭಾಗ್ಯ ಇಪ್ಪತ್ತೈದು ವರ್ಷದಿಂದ ಅವನನ್ನು ಚುಡಾಯಿಸುತ್ತ ಬಂದಿದ್ದಳು.

ಹಳೇ ಇಂಜಿನ್ ಇಳಿಸಿದ ದಿನವೇ ರಾಜಾರಾಮನಿಗೆ ದಾರಿ ಕಂಡಿತು. ಹೊಸ ಇಂಜಿನ್ ಉದ್ದ. ಸ್ಟೇರಿಂಗಿನ ರಾಡು ಅಡ್ಡ ಬರುತ್ತಿತ್ತು. ಅದನ್ನು ಕಡಿದು ನಡುವೆ ಒಂದು ಜಾಯಿಂಟ್ ಹಾಕಲೇಬೇಕು. ಆ ಜಾಯಿಂಟನ್ನು ಬಿಗಿಹಿಡಿಯುವುದು ಒಂದೇ ಒಂದು ನಟ್ಟು. ಒಂದೂವರೆ ಸುತ್ತು ಸಡಿಲ ಬಿಟ್ಟರೆ ಪೇಟೆಯೊಳಗೆ ಏನೂ ಆಗುವುದಿಲ್ಲ. ಟಿಕೋಟಾ ದಾಟಿ ನೂರರ ಮೇಲೆ ಓಡಿಸಿದಾಗ ರಾಡು ನಡುಗುತ್ತ ನಡುಗುತ್ತ ಜಾರಿ ಹೊರಗೆ ಬರುತ್ತದೆ. ಹೊನವಾಡದ ಮುಂಚೆ ಹಳ್ಳದ ತಿರುವಿದೆ. ನೂರರ ಕೆಳಗೆ ಓಡಿಸುವ ಗಂಡಸೇ ಅಲ್ಲ ಸಿದ್ದಲಿಂಗೇಶ.

ನಟ್ಟು ಪೂರ್ತಿ ಕಳಚಿ ಬೀಳಬಾರದು. ಬಿದ್ದರೆ ಮೆಕ್ಯಾನಿಕ್ ಹಾಕೇ ಇಲ್ಲ ಅಂದಾರು. ಅದಕ್ಕೇ ಒಳಗೆ ನೈಲಾನ್ ಬಳೆ ಇರುವ, ಬಿಟ್ಟಲ್ಲೇ ಕಚ್ಚಿಕೊಂಡು ನಿಲ್ಲುವ ನಟ್ಟನ್ನು ಆರಿಸಿದ. ಆಮೇಲೆ ಒಂದು ಕಾಗದ ಬರೆದ: ಹಳೇ ಚಾಸಿಸ್ ಈ ಇಂಜಿನ್ನಿನ ನಡುಕ ತಾಳುವುದಿಲ್ಲ, ಅರವತ್ತು ದಾಟಿಸಬಾರದು, ದಾಟಿಸಿದರೆ ಗ್ಯಾರೇಜು ಹೊಣೆಯಲ್ಲ. ಚಹಾದಂಗಡಿಯಲ್ಲಿ ನಾಲ್ಕು ಜನರೆದುರು ಓದಿ ಹೇಳಿದ. ಸಿದ್ದಲಿಂಗೇಶ ನಗುತ್ತ ಸಹಿ ಜಡಿದ.

"ಅರವತ್ತಕ್ಕ ಎತ್ತಿನ ಗಾಡಿ ಸಾಕಲ್ಲೋ!"

ಎರಡು ತಿಂಗಳು ಹಿಡಿಯಿತು. ಇಂಜಿನ್ ಕೂರುವ ತೊಲೆಗಳನ್ನು ಕಡಿದು ಬೆಸೆದ. ಹೆಂಗಸರ ಜಡೆಯಷ್ಟು ದಪ್ಪದ ವೈರಿನ ಗಂಟನ್ನು ಒಂದೊಂದೇ ಎಳೆಯಾಗಿ ಬಿಡಿಸಿದ. ಇಂಜಿನ್ ಮೊದಲ ಸಲ ಗುರ್ರೆಂದಾಗ ಇಬ್ರಾಹಿಂಪುರದಿಂದ ದಿನಾ ಬಂದು ಕೂರುತ್ತಿದ್ದ ಮುರ್ತುಜಾಸಾಬರು ಕಣ್ಣೊರೆಸಿಕೊಂಡರು. "ಶಾಬಾಸ್ ಬೇಟಾ! ನಾ ಸತ್ತರೂ ಚಿಂತಿ ಇಲ್ಲ." ರಾಜಾರಾಮನಿಗೂ ಒಂದು ಗಳಿಗೆ ಮುತ್ತು ಮರೆತುಹೋಗಿದ್ದ. ಮರೆತದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಕೊನೆಯ ದಿನ ಮಧ್ಯಾಹ್ನ ಸಾಬರು ನಮಾಜಿಗೆ ಹೋದಾಗ ಗಾಡಿಯಡಿ ತೂರಿದ. ನಟ್ಟು ಬಿಗಿದ, ಎಣಿಸಿ ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟ. ಮುತ್ತುವಿನ ಬಾಗಿದ ಸೈಕಲ್ ಕಣ್ಣ ಮುಂದೆ ಬಂತು. ಉಳಿದದ್ದನ್ನೆಲ್ಲ ಎಂದಿನಂತೆ ಮುಗಿಸಿ ಹೊರಬಂದು ಕೈ ತೊಳೆದುಕೊಂಡ.

ಮರುದಿನ ಬೆಳಿಗ್ಗೆ ಸಿದ್ದಲಿಂಗೇಶ ಹೆಂಡತಿ ಅನುರಾಧಾಳನ್ನೂ ಆರು ವರ್ಷದ ಮಗಳು ಐಶ್ವರ್ಯಾಳನ್ನೂ ಕರೆದುಕೊಂಡು ಬಂದ. ಕಾಯಿ ಒಡೆದರು, ಗಾಲಿಯಡಿ ನಿಂಬೆಹಣ್ಣು ಇಟ್ಟರು. ಅಷ್ಟರಲ್ಲಿ ಹುಡುಗಿ ಮುಂದಿನ ಸೀಟಿಗೆ ಹತ್ತಿ ಕೂತುಬಿಟ್ಟಿತು.

ರಾಜಾರಾಮ ಗಾಡಿಯ ಬಾಗಿಲಿಗೆ ಓಡಿದ. ಯಪ್ಪಾ, ಇದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲವಲ್ಲ!

"ಬಾಯಾರ, ಕೂಸಿನ್ನ ಇಳಿಸ್ರಿ. ಹೊಸಾ ಜೋಡಣಿ, ಹೊಗಿ ಒಳಗ ಬರತೈತಿ. ಇವತ್ತೊಂದಿನ ಧಣ್ಯಾರು ಒಬ್ಬರ ಹೋಗಲಿ."

"ಏ, ಏನಾಗೂದಿಲ್ಲ ಬಿಡೋ," ಅಂದ ಸಿದ್ದಲಿಂಗೇಶ.

"ಇಳಿಸ್ರಿ ಅಂದ್ನಲ್ಲ!" ರಾಜಾರಾಮ ಕೂಗಿಯೇಬಿಟ್ಟ. ಅನುರಾಧಾ ಬೆಚ್ಚಿ ಮಗಳನ್ನು ಎತ್ತಿಕೊಂಡಳು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಗಾಡಿ ಧೂಳೆಬ್ಬಿಸಿಕೊಂಡು ಟಿಕೋಟಾ ಕಡೆ ಹೋಯಿತು.

ಹನ್ನೊಂದೂವರೆಗೆ ಫೋನು ಬಂತು. ಹಳ್ಳದ ತಿರುವಿನಲ್ಲಿ ಬೇವಿನ ಮರಕ್ಕೆ ಗುದ್ದಿ ಸಿದ್ದಲಿಂಗೇಶ ಅಲ್ಲೇ ಮುಗಿದಿದ್ದ. ಚಹಾದಂಗಡಿಯ ನಾಲ್ವರೂ ಒಂದೇ ಮಾತು ಆಡಿದರು: ರಾಜಾರಾಮ ಸಾವಿರ ಸಲ ಹೇಳಿದ್ದ, ಕೇಳಲಿಲ್ಲ.

ಎರಡು ದಿನದ ಮೇಲೆ ಠಾಣೆಯ ಅಂಗಳದಲ್ಲಿ ಗಾಡಿಯ ತಪಾಸಣೆ. ವಾಹನ ನಿರೀಕ್ಷಕಿ ವಿಜಯಲಕ್ಷ್ಮೀ, ಸಿದ್ದಲಿಂಗೇಶ ಸಹಿ ಹಾಕಿದ್ದ ಕಾಗದ ಓದಿ ತಲೆಯಾಡಿಸಿದಳು. ಕ್ರೇನಿನಿಂದ ಎತ್ತಿದ ಗಾಡಿಯ ಅಡಿಗೆ ಬಗ್ಗಿ ಟಾರ್ಚ್ ಹಾಕಿದಳು. "ಸ್ಟೇರಿಂಗ್ ಜಾಯಿಂಟಿನ ನಟ್ಟು ಸಡಲಾಗೇತಿ. ಇಂಜಿನ್ನಿನ ನಡುಕಕ್ಕ ಆಗಿರಬೇಕು. ನಿಮ್ಮ ತಪ್ಪೇನೂ ಕಾಣ್ಸೂದಿಲ್ಲ ಬಿಡ್ರಿ." ಎರಡು ವರ್ಷದಲ್ಲಿ ಮೊದಲ ಸಲ ರಾಜಾರಾಮ ಎದೆ ತುಂಬ ಉಸಿರೆಳೆದ. ಪಂಚನಾಮೆಗೆ ಊರಿನ ಹಿರಿಯ ಮೆಕ್ಯಾನಿಕನ ಸಹಿಯೂ ಬೇಕೆಂದು ಮುರ್ತುಜಾಸಾಬರನ್ನು ಕರೆಸಿದ್ದರು. ಶಿಷ್ಯನ ಹೆಸರು ಉಳಿಯಲಿ ಎಂದು ಮುದುಕರು ಓಡೋಡಿ ಬಂದಿದ್ದರು.

ಸಾಬರು ಕನ್ನಡಕ ಏರಿಸಿಕೊಂಡು ನಟ್ಟಿನ ಹತ್ತಿರ ಮುಖ ತಂದರು. ಬೆರಳಿನಿಂದ ಮೇಲಿನ ಜಿಡ್ಡು ಒರೆಸಿ ಮತ್ತೆ ನೋಡಿದರು. "ಮ್ಯಾಡಮ್, ಇಲ್ಲಿ ಬರ್ರಿ," ಅಂದರು ಕೊನೆಗೆ. ನಟ್ಟಿನಿಂದ ಜಾಯಿಂಟಿನವರೆಗೆ ಗುಲಾಬಿ ನೇಲ್‌ಪಾಲಿಶಿನ ಗೆರೆ ಎಲ್ಲೂ ಮುರಿಯದೆ ನೆಟ್ಟಗಿತ್ತು. ಸಾಬರು ಸ್ಪ್ಯಾನರ್ ಹಾಕಿ ನಟ್ಟನ್ನು ಬಿಗಿಯುತ್ತ ಹೋದರು. ಗೆರೆ ಮೊದಲ ತಿರುವಿಗೇ ಎರಡು ತುಂಡಾಯಿತು, ಒಂದೂವರೆ ಸುತ್ತಿಗೆ ನಟ್ಟು ಕಚ್ಚಿ ನಿಂತಿತು. "ದಾರ್‍ಯಾಗ ಸಡಲಾಗಿದ್ರ ಇದು ಮೊದಲ ಮುರೀಬೇಕಿತ್ರಿ," ಅಂದು ಸಾಬರು ರಾಜಾರಾಮನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. "ಸಡಲ ಬಿಟ್ಟು, ಮ್ಯಾಲ ಗೆರಿ ಎಳದೀಯಲ್ಲೋ ಬೇಟಾ." ರಾಜಾರಾಮನಿಗೆ ಆ ಗೆರೆ ಎಳೆದ ನೆನಪೇ ಇರಲಿಲ್ಲ. ಬಗ್ಗಿ ತನ್ನ ಬಲಗೈ ನೋಡಿಕೊಂಡ. ಹೆಬ್ಬೆರಳಿನ ಅಂಚಿಗೆ ಗುಲಾಬಿ ಬಣ್ಣ ಇನ್ನೂ ಮೆತ್ತಿಕೊಂಡಿತ್ತು.