ಅಜ್ಜನ ಹಳದಿ ಗಿಡ

“ಆಚೆ ನಿಂತ್ಕೋ ಮಗಾ, ಅಂಟು ಮೈಮೇಲೆ ಬೀಳುತ್ತೆ,” ಎಂದ ಬರ್ನಾಬೊ. ಊರಲ್ಲಿ ಯಾರು ತೀರಿಕೊಂಡರೂ ಚರ್ಚಿನ ಗೋಡೆಗೆ ಸಾವಿನ ಸುದ್ದಿಯ ಪೋಸ್ಟರ್ ಅಂಟಿಸುವವನು ಅವನೇ.

“ಇವತ್ತು ಯಾರದು ಮಾಮಾ?” ಎಂದಳು ಎರ್ಸಿಲಿಯಾ. ಬೆನ್ನ ಮೇಲೆ ಇನ್ನೂ ಸ್ಕೂಲ್ ಬ್ಯಾಗ್ ಇತ್ತು.

ಬರ್ನಾಬೊ ಪೋಸ್ಟರಿಗೆ ಅಡ್ಡ ನಿಂತ. ಅವನ ಮೊಣಕೈಯ ಕೆಳಗಿನಿಂದ ಅವಳು ಓದಿಯೇಬಿಟ್ಟಳು: ಎಲಿಜೊ ಮಾನ್ಚಿನಿ, ಎಂಬತ್ತೊಂದು ವರ್ಷ.

ಅವಳ ಅಜ್ಜ. “ಭಾನುವಾರ ಆಸ್ಪತ್ರೆಯಿಂದ ಬರ್ತಾರೆ” ಎಂದು ಅಮ್ಮ ಬೆಳಿಗ್ಗೆ ತಾನೇ ಹೇಳಿದ್ದಳು.

ಮಣ್ಣು ಮಾಡಿ ಬಂದಾಗ ಮನೆ ಬಾಗಿಲಲ್ಲಿ ಅಜ್ಜನ ಜಿನೆಸ್ತ್ರ ಗಿಡ ಮೈತುಂಬ ಹಳದಿ ಹೂ ಹೊತ್ತು ನಿಂತಿತ್ತು. ಪ್ರತಿ ಜೂನಿನಲ್ಲಿ ಚರ್ಚಿನಿಂದ ಪರಮಪ್ರಸಾದದ ಹಬ್ಬದ ಮೆರವಣಿಗೆ ಬರುವಾಗ ಆ ಹೂ ಬಿಡಿಸಿ ಬೀದಿಗೆ ಹಾಸುವುದು ಅಜ್ಜ ಮೊಮ್ಮಗಳ ಕೆಲಸ.

ಅಜ್ಜನ ಸಮಾಧಿಯ ಹತ್ತಿರ ಬರೀ ಕಲ್ಲಿದೆ, ಹೂವಿಲ್ಲ ಎಂದು ಎರ್ಸಿಲಿಯಾಳಿಗೆ ಅನ್ನಿಸಿತು. ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಗುದ್ದಲಿ ತಂದು ಅಗೆದಳು. ಬೇರು ನೆಟ್ಟಗೆ ಕಲ್ಲಿನೊಳಕ್ಕೆ ಇಳಿದಿತ್ತು. ಎಳೆದಳು. ಕಟ್ ಎಂದಿತು.

ಗಿಡವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಅಜ್ಜನ ಸಮಾಧಿಯ ಪಕ್ಕ ನೆಟ್ಟಳು. ದಿನಾ ಒಂದು ಬಕೆಟ್ ನೀರು. ಆದರೂ ವಾರದೊಳಗೆ ಹೂವೆಲ್ಲ ಉದುರಿ ಕಡ್ಡಿಗಳು ಕಂದುಬಣ್ಣಕ್ಕೆ ತಿರುಗಿದವು. ಮೆರವಣಿಗೆಯ ದಿನ ಬೀದಿಯುದ್ದಕ್ಕೂ ಹೂವಿತ್ತು, ಅವರ ಬಾಗಿಲ ಮುಂದೆ ಮಾತ್ರ ಬರೀ ನೆಲ. ಎರ್ಸಿಲಿಯಾ ಕಿಟಕಿಯ ಹಿಂದೆ ಬಚ್ಚಿಟ್ಟುಕೊಂಡಳು.

ಅಜ್ಜಿ ಬಂದು ಪಕ್ಕದಲ್ಲಿ ಕೂತಳು.

“ಅಜ್ಜೀ, ಗಿಡಾನ ನಾನೇ ಸಾಯಿಸ್ಬಿಟ್ಟೆ.”

“ಗೊತ್ತು ಕಣೇ. ಗುದ್ದಲೀನ ತೊಳೀದೇ ಇಟ್ಟಿದ್ದೆಯಲ್ಲ! ಅದು ಕಿತ್ತು ನೆಟ್ರೆ ಬದುಕೋ ಜಾತಿ ಅಲ್ಲ. ನಿಮ್ಮಜ್ಜ ಏನ್ ಕಮ್ಮಿನಾ? ಮದುವೆ ಆದ ವರ್ಷ ನನ್ ಬಾಗಿಲಿಗೆ ಹೂ ಬೇಕು ಅಂತ ಗುಡ್ಡದಿಂದ ಮೂರು ಗಿಡ ಕಿತ್ತು ತಂದ. ಮೂರನ್ನೂ ಕೊಂದ. ಕೂತ್ಕೊಂಡು ಅತ್ತ ಬೇರೆ.”

“ಅಜ್ಜ ಅತ್ರಾ?”

“ಮೂಗು ಸೋರಿಸ್ಕೊಂಡು. ಆಮೇಲೆ ಬೀಜ ತಂದು ಊರಿದ, ಅದೇ ನಮ್ಮ ಬಾಗಿಲ ಗಿಡ ಆಗಿದ್ದು.” ಅಜ್ಜಿ ನಕ್ಕಳು, ಮರುಗಳಿಗೆಯೇ ತನ್ನ ಕಪ್ಪು ಉಡುಪಿನ ತೋಳಿನಿಂದ ಕಣ್ಣೊರೆಸಿಕೊಂಡಳು.

ಆಗಸ್ಟಿನ ಬಿಸಿಲಿನಲ್ಲಿ ಇಬ್ಬರೂ ಗುಡ್ಡ ಹತ್ತಿದರು. ಕಾಡು ಜಿನೆಸ್ತ್ರದ ಒಣಗಿದ ಕಾಯಿಗಳು ಚಟ್ ಚಟ್ ಎಂದು ಸಿಡಿಯುತ್ತಿದ್ದವು. ಮುಷ್ಟಿ ತುಂಬ ಬೀಜ ಆರಿಸಿ ತಂದು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿದರು. ಬೆಳಿಗ್ಗೆ ಕೆಲವು ಉಬ್ಬಿದ್ದವು, ಕೆಲವು ಕಲ್ಲಿನಂತೆಯೇ ಇದ್ದವು.

“ಉಬ್ಬಿದ್ದಷ್ಟೇ ತಗೋ. ಎಲ್ಲಿ ಬೆಳೀಬೇಕೋ ಅಲ್ಲೇ ಊರ್ಬೇಕು. ಗೊಬ್ಬರ ಬೇಡ, ಬಕೆಟ್‌ಗಟ್ಟಲೆ ನೀರೂ ಬೇಡ.”

“ಹೂ ಯಾವಾಗ ಬಿಡುತ್ತೆ?”

“ಇನ್ನು ಎರಡು ಮೂರು ವರ್ಷ. ಅಷ್ಟೊತ್ತಿಗೆ ನೀನು ನನಗಿಂತ ಎತ್ತರ ಆಗಿರ್ತೀಯ.”

ಎರ್ಸಿಲಿಯಾ ಸಮಾಧಿಯ ಬದಿಯ ಕಲ್ಲುಮಣ್ಣಿನಲ್ಲಿ ಬೆರಳಿನಿಂದ ಏಳು ಕುಳಿ ಮಾಡಿದಳು. ಏಳು ಬೀಜ. ಮಣ್ಣು ಮುಚ್ಚಿ, ಅದರ ಮೇಲೆ ಅಂಗೈಯಿಟ್ಟು ಕುಳಿತಳು. ಎಳೆಯುವುದಕ್ಕೆ, ಹೊತ್ತೊಯ್ಯುವುದಕ್ಕೆ ಇನ್ನೇನೂ ಇರಲಿಲ್ಲ.

ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು. ಎರ್ಸಿಲಿಯಾಳೂ ಮಣ್ಣಿನ ಕೈಯಲ್ಲೇ ಹಾಕಿಕೊಂಡು ಪ್ರಾರ್ಥಿಸಿದಳು.

“ಕರ್ತನೇ, ನಮ್ಮ ಅಜ್ಜನಿಗೆ ನಿನ್ನ ಹತ್ತಿರ ಜಾಗ ಕೊಡು. ಅವರ ಮೇಲೆ ನಿನ್ನ ಬೆಳಕು ಯಾವಾಗಲೂ ಇರಲಿ. ಅವರು ನೆಮ್ಮದಿಯಾಗಿ ಮಲಗಿರಲಿ. ಆಮೆನ್.”